ಟೈಪಕ್ಕನ ವಟವಟ ಮತ್ತು ಮೂವರು ತಜ್ಞರು

ಕಚೇರಿಗೆ ಬಂದ ಕೂಡಲೇ ಟೈಪಕ್ಕ ಮಾಡುವ ಮೊದಲ ಕೆಲಸ ಕಂಪ್ಯೂಟರಿನ ಪರದೆ ಆರಿಸುವುದು. ಗುಡಿಸುವವರು, ಒರೆಸುವವರು ಯಾರಾದರೂ ಗುಂಡಿ ಒತ್ತಿ ಹೋಗಿರುತ್ತಾರೆ. ಅಂಗೈಯಿಂದ ಗಾಜು ಮುಟ್ಟಿ ನೋಡುತ್ತಾಳೆ. ಬೆಚ್ಚಗಿದ್ದರೆ ಆರಿಸುತ್ತಾಳೆ.

"ಕಾಣದವಳ ಮುಂದೆ ಅದು ಯಾಕೆ ಉರೀಬೇಕು? ಕರೆಂಟು ದಂಡ," ಎನ್ನುತ್ತಾಳೆ.

ಆಮೇಲೆ ಬ್ಯಾಗನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ, ಬಲಗಿವಿಗೆ ಮಾತ್ರ ಹೆಡ್‌ಫೋನ್ ಇಟ್ಟು, ಎಡಗಿವಿಯನ್ನು ಕಚೇರಿಗೆ ಬಿಟ್ಟು ಕೆಲಸಕ್ಕೆ ಕೂರುತ್ತಾಳೆ. ವಿಚಾರಣೆಯ ಧ್ವನಿ ಹೆಡ್‌ಫೋನಿನಲ್ಲಿ. ಟೈಪು ಮಾಡಿದ್ದನ್ನು ಓದಿ ಹೇಳುವ ದನಿ ಮೇಜಿನ ಮೇಲಿನ ಪುಟ್ಟ ಸ್ಪೀಕರಿನಲ್ಲಿ. ಹತ್ತು ಬೆರಳು, ಎರಡು ಕಿವಿ, ಒಂದಕ್ಕೂ ಪುರಸೊತ್ತಿಲ್ಲ.

ಅದು ಬಾಡಿಗೆದಾರರಿಗೂ ಮನೆ ಮಾಲೀಕರಿಗೂ ನಡೆಯುವ ಜಗಳ ಕೇಳುವ ಕಚೇರಿ. ಕೆಳಗಿನ ಮಹಡಿಯಲ್ಲಿ ವಿಚಾರಣೆಯ ಹಾಲ್. ಅಲ್ಲಿ ದೀಪ ಹಾಕಿದರೆ ಸಾಕು, ಗೋಡೆಯ ಮೇಲಿನ ಎರಡು ಮೈಕುಗಳೂ ತಾವಾಗಿಯೇ ಎಚ್ಚರಗೊಳ್ಳುತ್ತವೆ. ಸೋರುವ ಮಾಡು, ಕಿತ್ತ ಬಾಗಿಲು, ಮೇಲಿನ ಮನೆಯವರ ಕುಣಿತ, ಯಾರು ಯಾರಿಗೆ ಏನೆಂದು ಬೈದರು, ಎಲ್ಲವೂ ದಾಖಲಾಗುತ್ತದೆ. ಆ ಧ್ವನಿಯೆಲ್ಲ ಮೇಲಿನ ಮಹಡಿಯ ಟೈಪಕ್ಕನ ಮೇಜಿಗೆ ಬಂದು ಅಕ್ಷರವಾಗುತ್ತದೆ. ಹೇಳಿದ್ದು ಹೇಳಿದ ಹಾಗೆಯೇ ಬರಬೇಕು ಎನ್ನುವುದು ಅಲ್ಲಿನ ಕಟ್ಟುನಿಟ್ಟು. 'ಅಂದ್ರೆ', 'ಏನಂದ್ರೆ', 'ಹಂಗಲ್ಲ' ಯಾವುದನ್ನೂ ಕೀಳುವಂತಿಲ್ಲ. ಕೆಮ್ಮಿದರೆ ಕಂಸದೊಳಗೆ ಕೆಮ್ಮು, ಸುಮ್ಮನಿದ್ದರೆ ಕಂಸದೊಳಗೆ ಮೌನ. ಹಿಂದೊಮ್ಮೆ ಇನ್ನೊಬ್ಬ ಟೈಪಿಸ್ಟ್ ಮುದುಕಿಯೊಬ್ಬಳ ತಡವರಿಸಿದ ಮಾತನ್ನು ಚಂದ ಮಾಡಲು ಹೋಗಿ, ಅವಳು 'ಮನೆ ಬಿಡ್ತೀನಿ ಅಂದಿದ್ದೆ, ಆದ್ರೆ' ಎಂದಿದ್ದರಲ್ಲಿ 'ಆದ್ರೆ'ಯನ್ನು ಅಳಿಸಿಬಿಟ್ಟಿದ್ದ. ಮುದುಕಿ ಮನೆ ಕಳೆದುಕೊಂಡಳು. ಅಂದಿನಿಂದ ಸೂಪರಿಂಟೆಂಡೆಂಟರು ಸಹಿ ಮಾಡಿದ ಸುತ್ತೋಲೆಯೊಂದು ಟೈಪು ಕೋಣೆಯ ಗೋಡೆಯಲ್ಲಿದೆ: ಹಾಲ್‌ನಲ್ಲಿ ಆಡಿದ ಮಾತಿನಿಂದ ಒಂದು ಪದವನ್ನೂ ತೆಗೆಯಕೂಡದು, ಸೇರಿಸಕೂಡದು.

ಒಂಬತ್ತನೆಯ ವಯಸ್ಸಿಗೆ ಬಂದ ಜ್ವರ ಟೈಪಕ್ಕನ ಕಣ್ಣು ತೆಗೆದುಕೊಂಡು ಹೋಗಿತ್ತು. ಹಾಸ್ಟೆಲ್ಲಿನ ಶಾಲೆಯಲ್ಲಿ ಟೈಪಿಂಗ್ ಕಲಿತಳು, ಇಪ್ಪತ್ತೈದಕ್ಕೆ ಈ ಕಚೇರಿಗೆ ಬಂದಳು. ಬಂದು ಹತ್ತೊಂಬತ್ತು ವರ್ಷವಾಯಿತು. ಮೊದಲ ಆರು ವರ್ಷ ಟೈಪ್‌ರೈಟರು. ಎರಡನೆಯ ವರ್ಷದಲ್ಲಿ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಹದಿನಾಲ್ಕು ಪುಟ ಟೈಪು ಮಾಡಿ, ಅಂಚು ಸರಿಮಾಡಿ, ದಾರ ಕಟ್ಟಿ ಕೊಟ್ಟಿದ್ದಳು. ಆಗಿದ್ದ ಅಧಿಕಾರಿ ಪುಟ ತಿರುವಿ ತಿರುವಿ, "ಇದೇನಮ್ಮ, ಬಿಳಿ ಹಾಳೆ ಕೊಟ್ಟಿದ್ದೀಯಲ್ಲ?" ಎಂದರು. ರಿಬ್ಬನ್ನು ಬೆಳಗ್ಗೆಯೇ ಸಿಕ್ಕಿಕೊಂಡು ನಿಂತಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಇಂದಿಗೂ ಅನ್ನಿಸುತ್ತದೆ.

ಅಲ್ಲಿಂದ ಮುಂದೆ ಪ್ರತಿ ಪುಟ ಮುಗಿದಾಗಲೂ ಅಟೆಂಡರನ್ನು ಕೂಗಬೇಕಾಯಿತು: "ಅಣ್ಣಾ, ಅಕ್ಷರ ಬಿದ್ದಿದೆಯಾ?" ಅವನು ಎಲ್ಲಿದ್ದರೂ ಬಂದು ನೋಡಿ, "ಬಿದ್ದಿದೆ ಟೈಪಕ್ಕ, ದುಂಡಗೆ ಬಿದ್ದಿದೆ," ಎನ್ನುತ್ತಿದ್ದ. ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಬೇಸರವಾಗುತ್ತಿದ್ದದ್ದು ಅವಳಿಗೆ. ತನ್ನ ಕೈಯ ಕೆಲಸ ಆಗಿದೆಯೋ ಇಲ್ಲವೋ ಎಂದು ಇನ್ನೊಬ್ಬರನ್ನು ಕೇಳಿ ತಿಳಿದುಕೊಳ್ಳಬೇಕಾದವರ ಸಂಕಟ ಬೇರೆಯವರಿಗೆ ಹೇಳಿದರೆ ಅರ್ಥವಾಗುವಂಥದ್ದಲ್ಲ.

ಕಂಪ್ಯೂಟರು ಬಂದ ವರ್ಷ ಹಾಸ್ಟೆಲ್ಲಿನ ಹಳೆಯ ಗೆಳತಿಯೊಬ್ಬಳು, ಅವಳೂ ಕಣ್ಣಿಲ್ಲದವಳೇ, ಒಂದು ತಂತ್ರಾಂಶ ತಂದು ಹಾಕಿಕೊಟ್ಟಳು. ದುಡ್ಡು ಕಾಸಿಲ್ಲದೆ ಸಿಗುವಂಥದ್ದು. ಒತ್ತಿದ ಅಕ್ಷರವನ್ನು ಹೇಳುತ್ತದೆ, ಬರೆದ ಸಾಲನ್ನು ಓದುತ್ತದೆ, ಎಲ್ಲಿದ್ದೀಯ, ಏನು ತೆರೆದಿದ್ದೀಯ ಎಲ್ಲ ಒದರುತ್ತದೆ. ಮೊದಲ ದಿನ ತಾನು ಬರೆದ ಸಾಲನ್ನು ಅದು ತಿರುಗಿ ಓದಿದಾಗ ಟೈಪಕ್ಕ ಕೈ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಅಂದಿನಿಂದ ಅಟೆಂಡರನ್ನು ಅಕ್ಷರ ಬಿದ್ದಿದೆಯಾ ಎಂದು ಕೇಳಿಲ್ಲ.

ಹದಿಮೂರು ವರ್ಷದಲ್ಲಿ ಅದರ ವೇಗವನ್ನು ಏರಿಸುತ್ತಾ ಏರಿಸುತ್ತಾ ಈಗ ಬೇರೆಯವರ ಕಿವಿಗೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕೇಳಿಸುತ್ತದೆ. ಅವಳಿಗೆ ಅಕ್ಷರ ಅಕ್ಷರವೂ ಸ್ಪಷ್ಟ. ಅಟೆಂಡರು ಅದಕ್ಕೆ ವಟವಟ ಎಂದು ಹೆಸರಿಟ್ಟ.

"ಅದು ಏನಂತಿದೆ ಟೈಪಕ್ಕ?"

"ಟೀ ಯಾವಾಗ ತರ್ತಾರೆ ಅಂತಿದೆ."

"ನನಗೆ ಹಂಗೆ ಕೇಳಿಸಲಿಲ್ವಲ್ಲ."

"ಕಿವಿ ತೊಳ್ಕೊಂಡು ಬಾರಣ್ಣ."

ಹೀಗಿರುವಾಗ ಒಂದು ಮಧ್ಯಾಹ್ನ ಬಾಗಿಲ ಬಳಿ ಕೀಚು ಕೀಚು ಎನ್ನುವ ಹೊಸ ಬೂಟಿನ ಸದ್ದಾಯಿತು. ಟೈಪಕ್ಕ ಜನರನ್ನು ಗುರುತಿಡುವುದೇ ಸದ್ದಿನಿಂದ. ಬೂಟು ಹೊಸ್ತಿಲಲ್ಲೇ ನಿಂತಿತು. ಎರಡು ನಿಮಿಷವಾಗಿರಬಹುದು.

"ಯಾರು ಸಾರ್? ಏನು ಬೇಕಿತ್ತು?"

"ಹೆಡ್ ಆಫೀಸಿನವರು ಕಳಿಸಿದ್ದಾರೆ. ತಂತ್ರಜ್ಞಾನ ಸಲಹೆಗಾರ. ನೀವು ಬಳಸೋ ಈ ಸಾಫ್ಟ್‌ವೇರ್ ನೋಡೋಣ ಅಂತ."

"ಬನ್ನಿ ಸಾರ್, ಕೂತ್ಕೊಳ್ಳಿ. ನಿಧಾನ ಮಾಡಿ ತೋರಿಸ್ತೀನಿ."

"ಬೇಡ ಬೇಡ. ಅಂದಾಜು ಸಿಕ್ತು."

ಬೂಟು ಕೀಚುಗುಟ್ಟುತ್ತಾ ಮೆಟ್ಟಿಲಿಳಿಯಿತು. ಎರಡು ನಿಮಿಷದಲ್ಲಿ ಹೊಸ್ತಿಲಲ್ಲಿ ನಿಂತು ಸಿಕ್ಕ ಅಂದಾಜು ಎಂಥದ್ದು ಎಂದು ತಿಳಿದದ್ದು ತಿಂಗಳ ಕೊನೆಗೆ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಹೊಸ ತಂತ್ರಾಂಶ ಹಾಕಬೇಕು, ಬೇರೆ ಏನಿದ್ದರೂ ಕಿತ್ತುಹಾಕಬೇಕು ಎಂದು ಹೆಡ್ ಆಫೀಸಿನ ಆದೇಶ ಬಂತು. ಜೊತೆಗೆ ವಟವಟದ ಬಗ್ಗೆ ಮೂವರು ತಜ್ಞರ ಹನ್ನೊಂದು ಪುಟದ ವರದಿ. ಟೈಪಕ್ಕ ಅದನ್ನು ತೆರೆದಳು. ಓದಿ ಹೇಳಲು ಇದ್ದದ್ದು ವಟವಟವೇ.

'ಈ ತಂತ್ರಾಂಶದ ಧ್ವನಿ ಅಸ್ಪಷ್ಟವಾಗಿದ್ದು ದೋಷಪೂರಿತವಾಗಿದೆ,' ಎಂದು ವಟವಟ ತನ್ನ ಬಗ್ಗೆ ತಾನೇ, ಒಂದಿಷ್ಟೂ ಬೇಸರವಿಲ್ಲದ ದನಿಯಲ್ಲಿ, ಅಚ್ಚುಕಟ್ಟಾಗಿ ಓದಿತು. 'ಮೌಸ್ ಬಳಕೆಗೆ ಅನುಕೂಲಕರವಾಗಿಲ್ಲ. ಪರದೆಯ ಮೇಲಿನ ವಿನ್ಯಾಸ ಅನಾಕರ್ಷಕ. ಬಣ್ಣಗಳು ಮಂಕಾಗಿವೆ.'

ಟೈಪಕ್ಕ ಆ ಸಾಲನ್ನು ಎರಡನೆಯ ಸಲ ಓದಿಸಿದಳು. ಆಮೇಲೆ ಅಟೆಂಡರನ್ನು ಕರೆದಳು.

"ಅಣ್ಣಾ, ನನ್ನ ಮೌಸ್ ಎಲ್ಲಿದೆ?"

"ಏಳು ವರ್ಷದ ಹಿಂದೆ ಸ್ಟೋರಿನವರು ಇಸ್ಕೊಂಡು ಹೋದ್ರಲ್ಲ ಟೈಪಕ್ಕ. ನೀವೇ ಕೊಟ್ಟಿದ್ರಿ."

"ಬಣ್ಣ ಮಂಕಂತೆ."

"ಯಾವುದರ ಬಣ್ಣ?"

"ವಟವಟದ್ದು."

ಅಟೆಂಡರು ಪುಟ್ಟ ಸ್ಪೀಕರನ್ನು ಎತ್ತಿ ತಿರುಗಿಸಿ ನೋಡಿದ. "ಅದಕ್ಕೆ ಬಣ್ಣ ಇದೆಯಾ?" ಎಂದ.

ಅವಳ ಮೈಯೆಲ್ಲ ಉರಿದುಹೋಯಿತು. ಹಾಳೆ ಮುದ್ರಿಸಿಕೊಂಡು ನೇರ ಸೂಪರಿಂಟೆಂಡೆಂಟರ ಕೋಣೆಗೆ ಹೋದಳು. ಅವರು ಕೆಟ್ಟವರಲ್ಲ. ಆದರೆ ಇನ್ನು ಮೂವರ ಸಹಿ ಬೀಳದೆ ಯಾವ ಕಾಗದಕ್ಕೂ ತಮ್ಮ ಸಹಿ ಹಾಕಿದವರಲ್ಲ. ಕೆಲಸಕ್ಕೆ ಸೇರಿದ ದಿನದ ಹಾಜರಿಗೂ ಪಕ್ಕದವರ ಸಹಿಯಾದ ಮೇಲೆ ತಮ್ಮದು ಹಾಕಿದ್ದರಂತೆ.

"ತಜ್ಞರು ಹೇಳಿದ ಮೇಲೆ ಮುಗೀತಲ್ಲಮ್ಮ," ಎಂದರು.

"ಅವರು ಬಳಸಿ ನೋಡಿದ್ರಾ ಸಾರ್?"

"ತಜ್ಞರು ಬಳಸೋದಿಲ್ಲಮ್ಮ. ಅಭಿಪ್ರಾಯ ಕೊಡ್ತಾರೆ."

"ವಟವಟ ಕಿತ್ತುಹಾಕಿದ್ರೆ ನಾನು ಏನು ಮಾಡ್ಲಿ?"

ಅವರು ಪೇಪರ್‌ವೆಯ್ಟು ತಿರುಗಿಸಿದ ಸದ್ದಾಯಿತು. "ನಿಮ್ಮ ಸಂಬಳಕ್ಕೇನೂ ತೊಂದರೆ ಇಲ್ಲ. ಕೆಳಗೆ ಬಾಗಿಲ ಪಕ್ಕ ಒಂದು ಕುರ್ಚಿ ಹಾಕಿಸ್ತೀವಿ. ಬಂದವರಿಗೆ ಟೋಕನ್ ಕೊಟ್ಟರಾಯಿತು. ಆರಾಮು."

ಆರಾಮು ಎನ್ನುವ ಆ ಪದ ಅವಳ ಎದೆಗೆ ನಾಟಿತು. ಹತ್ತೊಂಬತ್ತು ವರ್ಷ ಜಗಳಗಂಟರ ಗೊಣಗಾಟದೊಳಗಿಂದ ಬೇರೆ ಯಾರಿಗೂ ಕೇಳದ ಪದ ಹೆಕ್ಕಿ ತೆಗೆದ ಕಿವಿ. ಇನ್ನು ಮುಂದೆ ಬಾಗಿಲ ಪಕ್ಕ ಕೂತು, ಗೋಣಿಚೀಲದ ಹಾಗೆ ಗೋಡೆಗೊರಗಿ, ಹಾಯುವ ಚಪ್ಪಲಿಗಳ ಸದ್ದು ಕೇಳಬೇಕು.

"ನಾನು ಆಕ್ಷೇಪಣೆ ಬರೀತೀನಿ ಸಾರ್. ನೀವು ಹೆಡ್ ಆಫೀಸಿಗೆ ಕಳಿಸಿಕೊಡಬೇಕು."

"ಬರೀರಿ. ಕಳಿಸೋದು ನೋಡೋಣ."

ಮನೆಗೆ ಹೋದಾಗಲೂ ಸಿಟ್ಟು ಇಳಿದಿರಲಿಲ್ಲ. ಮನೆ ಎಂದರೆ ಹಿಂದೆ ಎರಡು ಕೋಣೆ, ಮುಂದೆ ಗಂಡನ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಒಳಗೆ ಕಾಲಿಟ್ಟರೆ ಯಂತ್ರದ ಎಣ್ಣೆಯ ವಾಸನೆ. ಅತ್ತೆ ಕಿಟಕಿಯ ಬಳಿ ಕೂತು ಎದುರುಮನೆಯವರು ಕೊಂಡ ಬಟ್ಟೆ ಒಗೆಯುವ ಮೆಷಿನ್ನಿನ ಮೇಲೆ ತೀರ್ಪು ಕೊಡುತ್ತಿದ್ದರು.

"ಬಟ್ಟೆ ಹರಿದುಹಾಕುತ್ತೆ ಅದು. ಬರೆದಿಟ್ಕೋ."

"ನೀವು ನೋಡಿದ್ರಾ ಅತ್ತೆ?"

"ನೋಡೋದೇನು, ಸದ್ದಿನಲ್ಲೇ ಗೊತ್ತಾಗುತ್ತೆ."

"ನಿಮ್ಮನ್ನೂ ಆ ಸಮಿತಿಗೆ ಹಾಕಬೇಕಾಗಿತ್ತು. ನಾಲ್ಕು ಜನ ಆಗ್ತಿದ್ರಿ!"

ಸೊಸೆಯ ದನಿ ಏರಿದ್ದು ಕೇಳಿ ಗಂಡ ಕೈ ಒರೆಸಿಕೊಳ್ಳುತ್ತಾ ಒಳಬಂದ. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಬೂಟು, ಮೌಸು, ಮಂಕು ಬಣ್ಣ, ಬಾಗಿಲ ಪಕ್ಕದ ಕುರ್ಚಿ. ಕೊನೆಗೆ, "ಆ ಹೊಸ ಸಾಫ್ಟ್‌ವೇರು ಮೂರು ಕಾಸಿಗೂ ಪ್ರಯೋಜನ ಇಲ್ಲ ರೀ," ಎಂದಳು.

"ನೀನು ಬಳಸಿ ನೋಡಿದ್ಯಾ?"

ಟೈಪಕ್ಕ ಹೆಗಲಿನ ಬ್ಯಾಗನ್ನು ಇಳಿಸಿ ಗೂಟಕ್ಕೆ ಸಿಕ್ಕಿಸಿದಳು.

ಗಂಡನ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಯಾರು ಯಂತ್ರ ತಂದು ಏನೇ ದೂರು ಹೇಳಲಿ, ಅವನು ಹೂಂ ಅಥವಾ ಊಹೂಂ ಎನ್ನುತ್ತಿರಲಿಲ್ಲ. ಮೊದಲು ಒಂದು ಬಟ್ಟೆಪಟ್ಟಿಯ ಮೇಲೆ ಒಂದು ಮೊಳ ಹೊಲಿಗೆ ಹಾಕುತ್ತಿದ್ದ. ರಿಪೇರಿಯಾದ ಮೇಲೆ ಇನ್ನೊಂದು ಪಟ್ಟಿಯ ಮೇಲೆ ಇನ್ನೊಂದು ಮೊಳ. ಎರಡನ್ನೂ ಯಂತ್ರದ ಕುತ್ತಿಗೆಗೆ ಕಟ್ಟಿ ಕೊಡುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಗಿರಾಕಿ ಬೆರಳಾಡಿಸಿ ನೋಡಿದರೆ ಮುಗಿಯಿತು.

"ಒಂದು ಮೊಳ ಹೊಲಿದು ನೋಡದೆ ಅವರು ಬೈದ್ರು ಅಂತ ಸಿಟ್ಟು ಮಾಡ್ಕೋತೀಯ. ನೀನೂ ಹೊಲಿದಿಲ್ಲ. ಅವರಿಗೂ ನಿನಗೂ ಏನು ವ್ಯತ್ಯಾಸ?"

"ನಿಮ್ಮ ಬುದ್ಧಿವಾದ ಅಂಗಡೀಲಿಟ್ಕೊಳ್ಳಿ," ಎಂದು ಟೈಪಕ್ಕ ಒಳಗೆ ಹೋದಳು. ಆದರೆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು.

ಮಾರನೆಯ ದಿನ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಮಾದರಿಗೆಂದು ಇಟ್ಟಿದ್ದ ಕಂಪ್ಯೂಟರಿನ ಮುಂದೆ ಹೋಗಿ ಕೂತಳು. ಹೊಸ ತಂತ್ರಾಂಶ ಅದರಲ್ಲಿತ್ತು. ಅವರ ಒಪ್ಪಿಗೆ ಕೇಳಿ ವಟವಟವನ್ನೂ ಅದಕ್ಕೆ ಹಾಕಿಸಿಕೊಂಡಳು. ಒಂದು ವಾರ ದಿನಕ್ಕೆ ಒಂದು ಗಂಟೆ ಅದಕ್ಕೇ ಕೊಟ್ಟಳು. ಮನಸ್ಸಿಲ್ಲದ ಮನಸ್ಸಿನಿಂದಲೇ ಎರಡು ಒಳ್ಳೆಯ ಗುಣ ಕಂಡುಕೊಂಡಳು: ಹಳೆಯ ಕಡತ ಹುಡುಕಿಕೊಡುವುದರಲ್ಲಿ ಚುರುಕು, ಪುಟದ ಸಂಖ್ಯೆ ತಪ್ಪುತ್ತಿರಲಿಲ್ಲ. ಉಳಿದಂತೆ ಒಂದೊಂದು ಗುಂಡಿಯ ಬಳಿ ಹೋದಾಗಲೂ ವಟವಟ ಏನು ಹೇಳಬೇಕೆಂದು ತಿಳಿಯದೆ, "ಬಟನ್," ಎಂದಿತು. ಮುಂದಿನದು, "ಬಟನ್." ಅದರ ಮುಂದಿನದು, "ಬಟನ್." ಹೊಸ ತಂತ್ರಾಂಶ ಮಾಡಿದವರು ಗುಂಡಿಗಳ ಮೇಲೆ ಚಂದದ ಚಿತ್ರ ಬರೆದಿದ್ದರು, ಹೆಸರು ಬರೆದಿರಲಿಲ್ಲ. ಅವಳು ಎಣಿಸಿದಳು. ನಲವತ್ತೊಂದು ಬಟನ್. ಯಾವುದು ಉಳಿಸುವುದು, ಯಾವುದು ಅಳಿಸುವುದು, ಒಂದೂ ಗೊತ್ತಾಗದು. ನಲವತ್ತೊಂದು ಬಾಗಿಲಿನ ಮನೆಯಲ್ಲಿ ಬಚ್ಚಲು ಹುಡುಕಿದ ಹಾಗೆ.

ಏಳನೆಯ ದಿನ ಒಂದು ವಿಚಾರಣೆಯ ಮೊದಲ ಹತ್ತು ನಿಮಿಷವನ್ನು ತನ್ನ ಹಳೆಯ ವಿಧಾನದಲ್ಲಿ ಟೈಪು ಮಾಡಿ ಮುದ್ರಿಸಿದಳು. ಅದೇ ಹತ್ತು ನಿಮಿಷವನ್ನು ಹೊಸದರಲ್ಲಿ ಟೈಪು ಮಾಡಿ, ಉಳಿಸಿದೆ ಎಂದುಕೊಂಡು ಒಂದು ಬಟನ್ ಒತ್ತಿ, ಮುದ್ರಿಸಿದೆ ಎಂದುಕೊಂಡು ಇನ್ನೊಂದು ಒತ್ತಿದಳು. ಯಂತ್ರ ಹಾಳೆ ಉಗುಳಿತು. ಹಾಳೆಯ ಮೇಲೆ ಬೆರಳಾಡಿಸಿದಳು. ಬೆರಳಿಗೆ ಏನು ತಿಳಿದೀತು? ಹದಿಮೂರು ವರ್ಷದ ಮೇಲೆ ಬಾಯಿಗೆ ಆ ಮಾತು ಬಂತು.

"ಅಣ್ಣಾ... ಅಕ್ಷರ ಬಿದ್ದಿದೆಯಾ?"

ಅಟೆಂಡರು ಬಂದು ನೋಡಿದ. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದ.

"ಇಲ್ಲ ಟೈಪಕ್ಕ. ಕೆಳಗಡೆ ಪುಟ ಒಂದು ಅಂತ ಬಿದ್ದಿದೆ. ಮಿಕ್ಕಿದ್ದೆಲ್ಲ ಬಿಳಿ."

ಎರಡೂ ಹಾಳೆಗಳನ್ನು ಗುಂಡುಪಿನ್ನಿನಿಂದ ಜೋಡಿಸಿ ಆಕ್ಷೇಪಣೆಯ ಜೊತೆ ಇಟ್ಟಳು. ಹೊಸದರ ಎರಡು ಒಳ್ಳೆಯ ಗುಣಗಳನ್ನೂ ಬರೆದಳು. ಸೂಪರಿಂಟೆಂಡೆಂಟರು ಹದಿನೈದು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದು, ಅವಳು ದಿನಕ್ಕೆ ಎರಡು ಸಲ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುವುದನ್ನು ತಾಳಲಾರದೆ ಕಳಿಸಿದರು. ತಜ್ಞರ ಸಮಿತಿ ಇಲ್ಲಿಗೇ ಬಂದು ಅವಳ ಮಾತು ಕೇಳುತ್ತದೆ ಎಂದು ಉತ್ತರ ಬಂತು.

ಆ ವಾರ ಮೇಲಿನ ಸಭೆಯ ಕೋಣೆಗೆ ಸುಣ್ಣ ಬಳಿಯುತ್ತಿದ್ದರು. ಅದಕ್ಕಾಗಿ ಸಭೆ ವಿಚಾರಣೆಯ ಹಾಲ್‌ನಲ್ಲಿ ಸೇರಿತು. 'ಇಲ್ಲಿ ಆಡಿದ ಮಾತೆಲ್ಲ ದಾಖಲಾಗುತ್ತದೆ' ಎಂದು ಗೋಡೆಯಲ್ಲಿ ಮೊಳದುದ್ದದ ಅಕ್ಷರದ ಫಲಕವಿತ್ತು. ಕಣ್ಣಿದ್ದ ಮೂವರೂ ಅದರ ಕೆಳಗೇ ಕೂತರು. ಅಟೆಂಡರು ದೀಪ ಹಾಕಿದ.

ಕೀಚು ಬೂಟಿನ ಸಲಹೆಗಾರ ಒಬ್ಬ. ಮಾತಿಗೊಮ್ಮೆ ಗಂಟಲು ಕೆರೆಯುವ ಪ್ರೊಫೆಸರು ಒಬ್ಬರು. ಪತ್ರಿಕೆಗೆ ಕಂಪ್ಯೂಟರಿನ ಬಗ್ಗೆ ಅಂಕಣ ಬರೆಯುವ ಇನ್ನೊಬ್ಬ, ಅವನ ಕೈಯ ಪೆನ್ನು ಟಕ್ ಟಕ್ ಎನ್ನುತ್ತಲೇ ಇತ್ತು. ಟೈಪಕ್ಕ ತನ್ನ ಕಂಪ್ಯೂಟರನ್ನು ಹೊತ್ತು ತರಿಸಿ ಮೇಜಿನ ಮೇಲೆ ಇಡಿಸಿದ್ದಳು.

"ಇದು ಆನ್ ಆಗಿಲ್ವಲ್ಲ," ಎಂದರು ಪ್ರೊಫೆಸರು.

"ಆಗಿದೆ ಸಾರ್," ಎಂದ ಅಟೆಂಡರು.

"ಪರದೆ ಕಪ್ಪಗಿದೆಯಲ್ರೀ."

"ಅದು ಹಂಗೇ ಸಾರ್."

"ಕೆಟ್ಟಿದೆಯಾ?"

"ಇಲ್ಲ ಸಾರ್, ಚೆನ್ನಾಗಿದೆ. ಆರಿಸಿದ್ದೀವಿ."

ಪ್ರೊಫೆಸರು ಗಂಟಲು ಕೆರೆದರು. ಟೈಪಕ್ಕ ಎರಡು ಹಾಳೆಗಳನ್ನೂ ಮುಂದಕ್ಕೆ ತಳ್ಳಿದಳು. "ಒಂದು ಹಳೇದರಲ್ಲಿ ಮಾಡಿದ್ದು, ಒಂದು ಹೊಸದರಲ್ಲಿ ಮಾಡಿದ್ದು. ಒಂದೇ ವಿಚಾರಣೆ, ಒಂದೇ ಕೈ. ನೋಡಿ ಸಾರ್."

"ಇದರಲ್ಲಿ ಏನೂ ಇಲ್ವಲ್ಲ," ಎಂದ ಸಲಹೆಗಾರ.

"ಅದನ್ನೇ ಸಾರ್ ನಾನೂ ಹೇಳ್ತಿರೋದು."

"ಇದು ಬಳಕೆದಾರರ ತಪ್ಪು," ಎಂದರು ಪ್ರೊಫೆಸರು. "ತಾತ್ವಿಕವಾಗಿ ನೋಡಿದರೆ, ಏನಂದರೆ, ಹೊಸ ತಂತ್ರಾಂಶ ಎಲ್ಲರಿಗೂ ಸುಲಭವಾಗಿರಲೇಬೇಕು."

"ಇರಲೇಬೇಕು ಸಾರ್. ಇದೆಯಾ?"

"ನಾನು ಸ್ವತಃ ಬಳಸಿಲ್ಲ. ಆದರೆ ತಾತ್ವಿಕವಾಗಿ..."

"ಮತ್ತೆ ನೀವು ಸಾರ್?" ಅವಳು ಪೆನ್ನಿನ ಸದ್ದಿನ ಕಡೆ ತಿರುಗಿದಳು.

"ಹೊಸದರ ಬಗ್ಗೆ ನಾನು ಒಂದು ಲೇಖನವನ್ನೇ ಬರೆದಿದ್ದೀನಿ ಮೇಡಂ. ತುಂಬಾ ಜನ ಮೆಚ್ಚಿದ್ರು."

"ಬಳಸಿ ಬರೆದ್ರಾ?"

"ಅದು ಬಿಡುಗಡೆಗೆ ಮುಂಚೆ ಬರೆದದ್ದು."

ಮೂಲೆಯಲ್ಲಿ ಅಟೆಂಡರಿಗೆ ಕೆಮ್ಮು ಬಂತು. ಕೆಮ್ಮೋ ನಗುವೋ ಎಂದು ಟೈಪಕ್ಕನಿಗೆ ಗೊತ್ತಾಯಿತು.

"ನನ್ನ ವಟವಟನಾದ್ರೂ ಬಳಸಿದ್ರಾ? ಅದರ ದನಿ ಕೆಟ್ಟಿದೆ ಅಂತ ಬರೆದಿದ್ದೀರಿ."

"ಅದಕ್ಕೆ ಬಳಸಬೇಕಾಗಿಲ್ಲ," ಎಂದ ಸಲಹೆಗಾರ. "ನಾನೇ ಬಾಗಿಲಲ್ಲಿ ನಿಂತು ಕೇಳಿದ್ದೀನಿ. ಒಂದಕ್ಷರ ಅರ್ಥ ಆಗಲಿಲ್ಲ. ಇಂಥವನ್ನ ನೂರು ನೋಡಿದ್ದೀನಿ."

"ಎಂಥವನ್ನ ಸಾರ್?"

"ಇಂಥವನ್ನ."

ಟೈಪಕ್ಕ ಎದ್ದು ನಿಂತಳು. ಕುರ್ಚಿಯನ್ನು ಪಕ್ಕಕ್ಕೆಳೆದು ಅದರ ಬೆನ್ನು ತಟ್ಟಿದಳು. "ಯಾರಾದರೂ ಒಬ್ರು ಇಲ್ಲಿ ಕೂತ್ಕೊಳ್ಳಿ ಸಾರ್. ನಿಧಾನ ಮಾಡಿದ್ದೀನಿ, ಚಿಕ್ಕ ಮಕ್ಕಳಿಗೂ ಅರ್ಥ ಆಗುತ್ತೆ. ಐದು ನಿಮಿಷ. ಒಂದು ಸಾಲು ಬರೀರಿ. ಆಮೇಲೆ ಏನು ಬೇಕಾದ್ರೂ ಬೈಯಿರಿ, ನಾನು ತುಟಿ ಬಿಚ್ಚಲ್ಲ."

ಬೂಟು ಕದಲಲಿಲ್ಲ. ಪೆನ್ನಿನ ಟಕ್ ಟಕ್ ನಿಂತಿತು. ಪ್ರೊಫೆಸರು ಗಂಟಲನ್ನೂ ಕೆರೆಯಲಿಲ್ಲ. ಖಾಲಿ ಕುರ್ಚಿಯ ಬೆನ್ನು ಹಿಡಿದು ಅವಳು ನಿಂತೇ ಇದ್ದಳು. ಕೊನೆಗೆ ಸೂಪರಿಂಟೆಂಡೆಂಟರೇ, "ಟೀ ತರಿಸೋಣ," ಎಂದರು.

ಅವಳು ಹೊರಗೆ ಹೊರಟಳು. ಕಣ್ಣಿಲ್ಲದವರಿಗೆ ಕಿವಿಯೂ ಇಲ್ಲ ಎಂದುಕೊಳ್ಳುವವರು ಬಹಳ. ಅವಳಿನ್ನೂ ಬಾಗಿಲು ದಾಟಿರಲಿಲ್ಲ. "ಪಾಪ, ಈಯಮ್ಮನಿಗೆ ಯಾಕೆ ಈ ಹಟ? ಆರಾಮಾಗಿ ಕೂತಿರಬಹುದಲ್ಲ," ಎಂದ ಸಲಹೆಗಾರ. ಅಭಿಪ್ರಾಯ ಬದಲಿಸುವ ಅಗತ್ಯ ಕಂಡುಬಂದಿಲ್ಲ ಎಂದು ಟೀ ಮುಗಿಯುವುದರೊಳಗೆ ಮೂವರೂ ಸಹಿ ಮಾಡಿ ಹೋದರು.

ಅವತ್ತು ಟೈಪಕ್ಕ ಮನೆಗೆ ಬಂದವಳೇ ಅಂಗಡಿಯ ಸ್ಟೂಲಿನ ಮೇಲೆ ಕೂತಳು. ಏನಾಯಿತೆಂದು ಗಂಡ ಕೇಳಲಿಲ್ಲ. ಬಟ್ಟೆಪಟ್ಟಿಯೊಂದನ್ನು ಅವಳ ಕೈಗಿಟ್ಟ. ಸಣ್ಣ ಸಣ್ಣ ಹೊಲಿಗೆ, ಒಂದರಷ್ಟೇ ಉದ್ದ ಇನ್ನೊಂದು. "ಇವತ್ತು ರಿಪೇರಿಯಾದದ್ದು," ಎಂದ, ಅಷ್ಟೇ. ಅವಳು ಅದನ್ನು ಬೆರಳಲ್ಲಿ ಸುತ್ತುತ್ತಾ ಬಿಚ್ಚುತ್ತಾ ಕೂತಳು.

ಮರುದಿನ ಬೆಳಗ್ಗೆ ಎಂದಿನಂತೆ ಹಿಂದಿನ ದಿನದ ಧ್ವನಿಗಳು ಅವಳ ಮೇಜಿಗೆ ಬಂದವು. ಒಂದನೆಯದು, ಸೋರುವ ನಲ್ಲಿ. ಎರಡನೆಯದು, ನಾಯಿ ಸಾಕಿದ ಬಾಡಿಗೆದಾರ. ಮೂರನೆಯದನ್ನು ತೆರೆದರೆ ಹೆಡ್‌ಫೋನಿನಲ್ಲಿ ಪ್ರೊಫೆಸರ ಗಂಟಲು.

ಟೈಪಕ್ಕನ ಕೈ ಕೀಬೋರ್ಡಿನ ಮೇಲೆ ನಿಂತಿತು. ದೀಪ ಹಾಕಿದ್ದರಿಂದ ಮೈಕು ಎಚ್ಚರವಾಗಿತ್ತು, ಮೈಕು ಎಚ್ಚರವಾಗಿದ್ದರಿಂದ ಎಲ್ಲ ದಾಖಲಾಗಿತ್ತು, ದಾಖಲಾಗಿದ್ದೆಲ್ಲ ಟೈಪಾಗಿ, ಸಹಿಯಾಗಿ, ಹೆಡ್ ಆಫೀಸಿಗೆ ಹೋಗಬೇಕು. ಅದು ನಿಯಮ.

ಅವಳು ಟೈಪು ಮಾಡಿದಳು. ಒಂದು 'ಅಂದ್ರೆ'ಯನ್ನೂ ಬಿಡಲಿಲ್ಲ. ತನ್ನ ಏರಿದ ದನಿಯನ್ನೂ ಬಿಡಲಿಲ್ಲ. ಕುರ್ಚಿಯ ಬೆನ್ನು ತಟ್ಟಿದ ಮೇಲೆ ಬಂದ ಮೌನವನ್ನು ಕಂಸದಲ್ಲಿ ಹಾಕಿದಳು. ತಾನು ಹೊರಗೆ ಹೋದ ಮೇಲಿನ ಮಾತುಗಳನ್ನು ಆಗಲೇ ಮೊದಲ ಸಲ ಕೇಳಿದ್ದು.

"ನಿಜ ಹೇಳಬೇಕಂದ್ರೆ ನಾನು ವರದಿ ಪೂರ್ತಿ ಓದಿರಲಿಲ್ಲ ಸಾರ್, ಸಹಿ ಅಷ್ಟೇ ಹಾಕಿದ್ದು," ಪೆನ್ನಿನವನು.

"ಓದೋದೇನಿದೆ? ಹೊಸದರ ಜೊತೆ ಬಂದ ಪುಸ್ತಿಕೆಯಲ್ಲೇ ಎಲ್ಲ ಇತ್ತಲ್ಲ, ಅದನ್ನೇ ಎತ್ತಿಕೊಂಡ್ವಿ," ಬೂಟಿನವನು.

ಟೈಪು ಮಾಡುತ್ತಾ ಅವಳಿಗೆ ನಗು ಬರಲಿಲ್ಲ. ತಲೆ ಚಿಟ್ಟುಹಿಡಿಯಿತು. ಇಷ್ಟೇ ಇಷ್ಟು ಉದಾಸೀನಕ್ಕೆ ತನ್ನ ಬೆರಳು, ಕಿವಿ, ಹತ್ತೊಂಬತ್ತು ವರ್ಷ ಎಲ್ಲ ಬಾಗಿಲ ಪಕ್ಕದ ಕುರ್ಚಿಗೆ ಹೋಗಬೇಕಾಗಿತ್ತಲ್ಲ! ಮುಗಿಸಿ, ವಟವಟದಿಂದ ಮೊದಲಿನಿಂದ ಕೊನೆಯವರೆಗೆ ಓದಿಸಿದಳು. 'ನಾನು ಸ್ವತಃ ಬಳಸಿಲ್ಲ' ಎನ್ನುವುದು ಎಷ್ಟು ಕಡೆ ಬಂದಿದೆ ಎಂದು ಹುಡುಕಿಸಿದಳು. ಅವಳೆದುರು ಆಡಿದ್ದು, ಹೋದ ಮೇಲೆ ಆಡಿದ್ದು ಎಲ್ಲ ಸೇರಿ ಒಂಬತ್ತು ಕಡೆ.

ಹದಿನಾರು ಪುಟವಾಗಿತ್ತು. ಸೂಪರಿಂಟೆಂಡೆಂಟರು ಓದುತ್ತಾ ಓದುತ್ತಾ ಪುಟ ಮಗುಚುವ ಸದ್ದು ನಿಧಾನವಾಯಿತು.

"ಸಾರಾಂಶ ಸಾಕಾಗಿತ್ತಲ್ಲಮ್ಮ."

"ಗೋಡೆ ಮೇಲೆ ನಿಮ್ಮ ಸುತ್ತೋಲೆ ಇದೆ ಸಾರ್. ಒಂದು ಪದವನ್ನೂ ತೆಗೆಯಕೂಡದು."

"ಅದು ದೂರುದಾರರಿಗೆ."

"ಹಾಲ್‌ನಲ್ಲಿ ಆಡಿದ್ದಕ್ಕೆ ಅಂತಿದೆ ಸಾರ್. ನಾನೂ ದೂರುದಾರಳೇ ಆಗಿದ್ದೆ ಅವತ್ತು."

ಪೇಪರ್‌ವೆಯ್ಟು ಒಂದು ಸುತ್ತು ತಿರುಗಿತು. "ಪುಟ ಹನ್ನೆರಡರಲ್ಲಿ 'ಟೀ ಹೀರುವ ಸದ್ದು' ಅಂತ ಹಾಕಿದ್ದೀರಿ. ಅದು ಬೇಕಾ?"

"ಹೀರಿದ್ರಲ್ಲ ಸಾರ್."

"ಹೀರಿದ್ದು ನಾನಮ್ಮ."

ಅವರು ಬಹಳ ಹೊತ್ತು ಸುಮ್ಮನಿದ್ದರು. ಆ ಮುದುಕಿಯ ಮನೆ ಹೋದ ದಿನ ಇದೇ ಕೋಣೆಯಲ್ಲಿ ಅವರು ಹೀಗೆಯೇ ಕೂತಿದ್ದರು ಎಂದು ಅಟೆಂಡರು ಒಮ್ಮೆ ಹೇಳಿದ್ದ. ಆಮೇಲೆ ಪೆನ್ನಿನ ಮುಚ್ಚಳ ಬಿಚ್ಚಿದ ಸದ್ದು, ಕಾಗದದ ಮೇಲೆ ನಿಬ್ಬು ಗೀರಿದ ಸದ್ದು. ಬೇರೆ ಯಾರ ಸಹಿಯೂ ಇಲ್ಲದ ಕಾಗದಕ್ಕೆ ಅವರು ಸಹಿ ಮಾಡಿದರು.

ಮೂರು ವಾರದ ಮೇಲೆ ಹೆಡ್ ಆಫೀಸಿನಿಂದ ನಾಲ್ಕು ಸಾಲಿನ ಪತ್ರ ಬಂತು. ವಟವಟ ಓದಿತು: 'ಬಳಸದೆ ನೀಡಿದ ಅಭಿಪ್ರಾಯವನ್ನು ಪರಿಗಣಿಸಲಾಗದು. ಸಮಿತಿಯ ಸದಸ್ಯರು ಎರಡೂ ತಂತ್ರಾಂಶಗಳನ್ನು ತಲಾ ಐದು ದಿನ ಸ್ವತಃ ಬಳಸಿ ಹೊಸ ವರದಿ ನೀಡತಕ್ಕದ್ದು. ಅಲ್ಲಿಯವರೆಗೆ ಯಥಾಸ್ಥಿತಿ.'

"ಅಂದ್ರೆ ಗೆದ್ದ ಹಾಗಾ?" ಎಂದು ಅತ್ತೆ ಕೇಳಿದರು.

"ಅಂದ್ರೆ ಅವರು ಕೂರೋವರೆಗೂ ನಾನು ಏಳಬೇಕಾಗಿಲ್ಲ."

"ಅವರೆಲ್ಲಿ ಕೂರ್ತಾರೆ. ಬರೆದಿಟ್ಕೋ," ಎಂದರು ಅತ್ತೆ. ಆ ತೀರ್ಪಿಗೆ ಮಾತ್ರ ಸೊಸೆ ಎದುರಾಡಲಿಲ್ಲ.

ಮಾದರಿ ಕಂಪ್ಯೂಟರಿನ ಮುಂದೆ ಮೂರು ಕುರ್ಚಿ ಹಾಕಿಸಿ ಎಂಟು ತಿಂಗಳಾಯಿತು. ಅವುಗಳ ಮೇಲೆ ಈಗ ಹಳೆಯ ಕಡತಗಳ ಗಂಟುಗಳು ಕೂತಿವೆ. ಬಾಗಿಲ ಪಕ್ಕಕ್ಕೆಂದು ತಂದಿದ್ದ ಕುರ್ಚಿಯ ಮೇಲೆ ಅಟೆಂಡರು ಊಟದ ಬುತ್ತಿ ಇಡುತ್ತಾನೆ. ಪ್ರತಿ ತಿಂಗಳ ಮೊದಲ ವಾರ ಸಮಿತಿಗೆ ಒಂದು ನೆನಪೋಲೆ ಹೋಗುತ್ತದೆ. ಅದನ್ನು ಟೈಪು ಮಾಡುವುದೂ ಟೈಪಕ್ಕನ ಕೆಲಸವೇ. ಮೊನ್ನೆ ಎಂಟನೆಯದನ್ನು ಮುಗಿಸುವಾಗ ಅಟೆಂಡರು ಟೀ ತಂದಿಟ್ಟ.

"ಈ ಸಲ ಬರ್ತಾರಾ ಟೈಪಕ್ಕ?"

"ಬರಲಿ ಬಿಡಲಿ, ನೀನು ಆ ಮೂರು ಕುರ್ಚಿ ಧೂಳು ಹೊಡಿ. ಆಮೇಲೆ ಕೂರೋಕೆ ಜಾಗ ಇರಲಿಲ್ಲ ಅಂತ ವರದಿ ಬರೆದಾರು."

ಬೇಸರದಿಂದಲೇ ನೆನಪೋಲೆಯನ್ನು ಓದಿಸಿ ನೋಡಿದಳು. ವಟವಟ ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಸುರಿಯಿತು. ಒಂದು ಕಡೆ ಒತ್ತಕ್ಷರ ತಪ್ಪಿತ್ತು. ತಿದ್ದಿದಳು, ಮತ್ತೆ ಓದಿಸಿದಳು, ಮುದ್ರಿಸಿದಳು. ಹಾಳೆಯನ್ನು ತೆಗೆದು, ಯಾರನ್ನೂ ಏನನ್ನೂ ಕೇಳದೆ, ಸಹಿಗೆ ಕಳಿಸಿದಳು.